ರಕ್ತದ ವರದಿ ಕೇಳದ ಪ್ರಶ್ನೆ

ಮದುವೆಯಾಗಿ ಒಂದೆರಡು ವರ್ಷ ಕಳೆದರೂ ಮಕ್ಕಳಾಗದಿದ್ದರೆ ಮೊದಲು ರಕ್ತ ಕೊಡಬೇಕಾದವಳು ಹೆಣ್ಣು ಎಂಬುದು ಮಲೆನಾಡಿನ ಮನೆಗಳಲ್ಲಿ ಯಾರೂ ಪ್ರಶ್ನಿಸದ ನಿಯಮವಾಗಿ ಉಳಿದಿದೆ. ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿ, ಸಾವಿರಾರು ರೂಪಾಯಿ ತೆತ್ತು, ಮರುದಿನ ಕೈಗೆ ಬರುವ ಎರಡು ಪುಟದ ಕಾಗದದಲ್ಲಿ ಕೆಲವು ಅಂಕಿಗಳ ಪಕ್ಕ ದಪ್ಪಕ್ಷರದ ಗುರುತುಗಳಿರುತ್ತವೆ. ಹೆಚ್ಚು, ಕಡಿಮೆ, ಅಷ್ಟೆ. ಆ ಗುರುತೊಂದನ್ನು ಹಿಡಿದು ಮನೆಯವರು ತೀರ್ಪು ಬರೆದುಬಿಡುತ್ತಾರೆ. ಬಂಜೆ ಎಂಬ ಹಳೆಯ ಬೈಗುಳಕ್ಕೆ ಈಗ ಪ್ರಯೋಗಾಲಯದ ಮೊಹರು ಬಿದ್ದಿದೆ; ಎರಡನೆಯ ಸಂಬಂಧದ ಮಾತಿಗೂ ಅದೇ ಕಾಗದ ಸಾಕ್ಷಿಯಾಗುತ್ತದೆ.

ಹಾರ್ಮೋನು ಪರೀಕ್ಷೆ ಸುಳ್ಳೆಂದು ಇಲ್ಲಿ ವಾದಿಸುತ್ತಿಲ್ಲ. ಅದು ಒಳ್ಳೆಯ ಸಾಧನ. ಆಕ್ಷೇಪವಿರುವುದು ಅದನ್ನು ಓದುವ ರೀತಿಯ ಬಗ್ಗೆ. ಒಬ್ಬಳ ದೇಹದೊಳಗಿನ ದೋಷವೆಂದಷ್ಟೇ ಅದನ್ನು ಓದಲಾಗುತ್ತಿದೆ. ಯಾವ ದಿನ ರಕ್ತ ತೆಗೆಯಲಾಯಿತು, ಯಾವ ಮಾತ್ರೆ ನುಂಗುತ್ತಿದ್ದಳು, ಗಂಡನ ಪರೀಕ್ಷೆ ಆಯಿತೇ, ಆ ದಂಪತಿ ಯಾವ ತೋಟದಲ್ಲಿ ಯಾವ ವಿಷದ ನಡುವೆ ದುಡಿಯುತ್ತಾರೆ ಎಂಬ ಪ್ರಶ್ನೆಗಳಿಗೆ ಆ ಕಾಗದದಲ್ಲಿ ಜಾಗವೇ ಇರುವುದಿಲ್ಲ. ಕೊನೆಯ ಪ್ರಶ್ನೆಯನ್ನು ಒಮ್ಮೆ ಗಡಿಯಾಚೆಯ ಕನ್ನಡದ ಹಳ್ಳಿಯೊಂದರಲ್ಲಿ ಕೇಳಲಾಯಿತು. ಆಗ ಬಂದ ಉತ್ತರವನ್ನು ಮಲೆನಾಡು ಮರೆತಂತಿದೆ. ಅದರ ವಿಚಾರಕ್ಕೆ ಬರುವ ಮುನ್ನ ಆ ಕಾಗದವನ್ನು ಓದುವುದು ಹೇಗೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಗುಡ್ಡದ ನೆತ್ತಿಯಲ್ಲಿ ನಿಂತವನು ಕಣಿವೆಯ ತೋಟದಲ್ಲಿರುವವನಿಗೆ ಕೂ ಹಾಕುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಕೆಳಗಿನಿಂದ ಓಗೊಟ್ಟರೆ ಮೇಲಿನವನು ಸುಮ್ಮನಾಗುತ್ತಾನೆ. ಓಗೊಡದಿದ್ದರೆ ಕೂಗು ಜೋರಾಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೂ, ಹೆಣ್ಣಿನ ಅಂಡಾಶಯ ಅಥವಾ ಗಂಡಿನ ವೃಷಣಕ್ಕೂ ನಡುವೆ ನಡೆಯುವುದು ಬಹುಮಟ್ಟಿಗೆ ಇದೇ. ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳು ಮೇಲಿನಿಂದ ಬರುವ ಕೂಗು. ಹೆಣ್ಣಿನಲ್ಲಿ ಈಸ್ಟ್ರೋಜನ್, ಗಂಡಿನಲ್ಲಿ ಟೆಸ್ಟೋಸ್ಟಿರೋನ್ ಕೆಳಗಿನಿಂದ ಬರುವ ಓಗೊಡುವಿಕೆ. ಓಗೊಡುವಿಕೆ ಕ್ಷೀಣಿಸಿ ಕೂಗು ಏರಿದ್ದರೆ ತೊಂದರೆ ಕೆಳಗೆ, ಅಂದರೆ ಅಂಡಾಶಯದಲ್ಲೋ ವೃಷಣದಲ್ಲೋ ಇದೆ. ಎರಡೂ ಕ್ಷೀಣಿಸಿದ್ದರೆ ಮೇಲಿನವನೇ ಕೂಗುತ್ತಿಲ್ಲ. ತೊಂದರೆಯನ್ನು ಪಿಟ್ಯುಟರಿಯ ಕಡೆ ಹುಡುಕಬೇಕು. ಆದ್ದರಿಂದ ಒಂದೇ ಅಂಕಿಯನ್ನು ಬಿಡಿಯಾಗಿ ಹಿಡಿದು ಯಾರೂ ಏನನ್ನೂ ಹೇಳಲಾಗದು. ಜೋಡಿಯಾಗಿ ಓದಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಈ ಜೋಡಿ ಓದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರ ಅಗತ್ಯ ಬೀಳಲಿದೆ.

ಹೆಣ್ಣಿನಲ್ಲಿ ಈ ಕೂಗು ತಿಂಗಳ ಉದ್ದಕ್ಕೂ ಏರಿಳಿಯುತ್ತದೆ. ಅಂಡ ಬಿಡುಗಡೆಯಾಗುವ ಹೊತ್ತಿಗೆ ಎಲ್‌ಎಚ್ ಹಲವು ಪಟ್ಟು ಏರುವುದು ಆರೋಗ್ಯದ ಲಕ್ಷಣ. ಅದೇ ಅಂಕಿ ಮುಟ್ಟಿನ ಮೂರನೆಯ ದಿನ ಕಂಡರೆ ಅರ್ಥವೇ ಬೇರೆ. ಎಫ್‌ಎಸ್‌ಎಚ್ ನೋಡುವುದು ಮುಟ್ಟಿನ ಎರಡರಿಂದ ಐದನೆಯ ದಿನದೊಳಗೆ. ಜೊತೆಗೆ ಈಸ್ಟ್ರಡಯಾಲ್ ಕೂಡ ನೋಡಬೇಕು, ಏಕೆಂದರೆ ಅದು ಆಗಲೇ ಏರಿದ್ದರೆ ಎಫ್‌ಎಸ್‌ಎಚ್ ಅನ್ನು ಅದುಮಿ, ಇರುವ ತೊಂದರೆಯನ್ನು ಮುಚ್ಚಿಡುತ್ತದೆ. ಅಂಡ ಬಿಡುಗಡೆಯಾಯಿತೇ ಎಂದು ತಿಳಿಯಲು ಪ್ರೊಜೆಸ್ಟಿರೋನ್ ಪರೀಕ್ಷೆಯನ್ನು 21ನೆಯ ದಿನ ಮಾಡಿಸಬೇಕೆಂಬ ಮಾತು ಮಂತ್ರದಂತೆ ಹಬ್ಬಿದೆ. ಅದು 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಸರಿ. 35 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ 28ನೆಯ ದಿನ ಬೇಕು. ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಎಂಬುದು ಲೆಕ್ಕ. ಇಷ್ಟು ಸರಳ ಸಂಗತಿಯನ್ನು ಹೇಳದೆ 21ರಂದು ರಕ್ತ ತೆಗೆದು, ಅಂಡವೇ ಬಿಡುಗಡೆಯಾಗುತ್ತಿಲ್ಲ ಎಂದು ಹೇಳಿ ಮಾತ್ರೆ ಕೊಡುವುದನ್ನು ವೈದ್ಯವೆನ್ನಬೇಕೋ ವ್ಯಾಪಾರವೆನ್ನಬೇಕೋ?

ಇನ್ನು 'ಸಾಮಾನ್ಯ ಮಿತಿ'ಯ ವಿಚಾರ. ವರದಿಯ ಬಲಬದಿಯಲ್ಲಿ ಮುದ್ರಿಸಿರುವ ಆ ಮಿತಿ ಹೆಚ್ಚಿನ ಪರೀಕ್ಷೆಗಳಲ್ಲಿ ಆರೋಗ್ಯವಂತರ ಗುಂಪೊಂದರ ನಡುವಿನ ಶೇ. 95 ಮಂದಿಯ ಅಂಕಿ. ಅಂದರೆ ಪೂರ್ತಿ ಆರೋಗ್ಯವಾಗಿರುವ ಇಪ್ಪತ್ತು ಜನರಲ್ಲಿ ಒಬ್ಬರು ಆ ಗೆರೆಯ ಹೊರಗೇ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಯಾವ ಕಾಯಿಲೆಯೂ ಇಲ್ಲದ ನೂರು ಜನರಲ್ಲಿ ಸುಮಾರು 40 ಮಂದಿಯ ಕಾಗದದಲ್ಲಿ ಕನಿಷ್ಠ ಒಂದು ದಪ್ಪಕ್ಷರ ಕಾಣಿಸಿಕೊಳ್ಳುತ್ತದೆ. ರಿಯಾಯಿತಿ ದರದಲ್ಲಿ ಹತ್ತಾರು ಪರೀಕ್ಷೆಗಳ ಕಟ್ಟು ಮಾರುವವರಿಗೆ ಈ ಗಣಿತ ಚೆನ್ನಾಗಿ ಗೊತ್ತು.

ಈ ಕಟ್ಟಿನಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವುದು ಎಎಂಎಚ್. ಅಂಡಾಶಯದ ಸಣ್ಣ ಕೋಶಗಳು ಸ್ರವಿಸುವ ಈ ಹಾರ್ಮೋನು ಉಳಿದಿರುವ ಅಂಡಗಳ ಸಂಖ್ಯೆಯ ಅಂದಾಜನ್ನಷ್ಟೇ ಕೊಡುತ್ತದೆ. ಅಂಡದ ಗುಣವನ್ನು ಹೇಳುವುದಿಲ್ಲ, ಈ ತಿಂಗಳು ಗರ್ಭ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನಂತೂ ಹೇಳುವುದೇ ಇಲ್ಲ. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಬಂಜೆತನದ ಇತಿಹಾಸವಿಲ್ಲದ, ಆಗಷ್ಟೇ ಮಗುವಿಗಾಗಿ ಪ್ರಯತ್ನ ಆರಂಭಿಸಿದ್ದ, 30ರಿಂದ 44 ವಯಸ್ಸಿನ 750 ಮಹಿಳೆಯರನ್ನು ಗಮನಿಸಿತು. ಎಎಂಎಚ್ 0.7 ನ್ಯಾನೊಗ್ರಾಮಿಗಿಂತ ಕಡಿಮೆಯಿದ್ದವರಲ್ಲಿ 12 ಋತುಚಕ್ರಗಳೊಳಗೆ ಗರ್ಭ ನಿಲ್ಲುವ ಸಾಧ್ಯತೆ ಶೇ. 84, ಸರಿಯಿದ್ದವರಲ್ಲಿ ಶೇ. 75 ಎಂದು ಅಂದಾಜಾಯಿತು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಇವೆರಡಕ್ಕೂ ವ್ಯತ್ಯಾಸವಿಲ್ಲ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಚುಚ್ಚುಮದ್ದಿಗೆ ಎಷ್ಟು ಅಂಡಗಳು ಸಿಕ್ಕಾವೆಂದು ಊಹಿಸಲು ಎಎಂಎಚ್ ಉಪಯುಕ್ತ. ಆದರೆ 'ಅಂಡ ಮುಗಿಯುತ್ತಾ ಬಂದಿದೆ, ಈಗಲೇ ಲಕ್ಷಗಟ್ಟಲೆ ಹೊಂದಿಸಿಕೊಳ್ಳಿ' ಎಂದು ಅಡಿಕೆ ಬೆಳೆಗಾರನನ್ನೋ ಕೂಲಿಯವನನ್ನೋ ಹೆದರಿಸಲು ಆ ಅಂಕಿಯೊಂದೇ ಆಧಾರವಾಗದು. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಎಎಂಎಚ್ ತಗ್ಗಿರುತ್ತದೆ ಎಂಬುದೂ, ಒಂದು ಪ್ರಯೋಗಾಲಯ ಮಿಲಿಲೀಟರಿಗೆ ನ್ಯಾನೊಗ್ರಾಂ ಬರೆದರೆ ಇನ್ನೊಂದು ಲೀಟರಿಗೆ ಪಿಕೋಮೋಲ್ ಬರೆಯುತ್ತದೆ, ಎರಡರ ನಡುವೆ ಏಳು ಪಟ್ಟು ಅಂತರವಿದೆ ಎಂಬುದೂ ಎಷ್ಟು ಜನರಿಗೆ ತಿಳಿದಿದೆ? 1 ಎಂಬುದು 7 ಆಯಿತೆಂದು ಹಿಗ್ಗುವುದಕ್ಕೂ, 7 ಎಂಬುದು 1 ಆಯಿತೆಂದು ಅಳುವುದಕ್ಕೂ ಕಾರಣವಿಲ್ಲ.

ಕಾಲೇಜು ಹಾಸ್ಟೆಲುಗಳ ಹುಡುಗಿಯರನ್ನು ಕಾಡುತ್ತಿರುವುದು ಪಿಸಿಓಡಿ ಎಂಬ ಹಣೆಪಟ್ಟಿ. ಅಂಡ ಬಿಡುಗಡೆಯಲ್ಲಿ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನಲ್ಲಿ ಕೋಶಗಳು ತುಂಬಿದ ಅಂಡಾಶಯ ಎಂಬ ಮೂರರಲ್ಲಿ ಎರಡು ಇರಬೇಕೆಂದು 2003ರ ರಾಟರ್‌ಡ್ಯಾಂ ಸಭೆ ನಿಗದಿಪಡಿಸಿತು. ಹದಿವಯಸ್ಸಿನವರಿಗೆ ಸ್ಕ್ಯಾನನ್ನಾಗಲಿ ಎಎಂಎಚ್ ಅನ್ನಾಗಲಿ ಈ ರೋಗನಿರ್ಣಯಕ್ಕೆ ಬಳಸಬಾರದೆಂದು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳಿದೆ. ಮೈನೆರೆದ ಮೊದಲ ವರ್ಷಗಳಲ್ಲಿ ಮುಟ್ಟು ಹಿಂದೆಮುಂದಾಗುವುದು ಸಹಜ. ಆದರೂ ಎಲ್‌ಎಚ್, ಎಫ್‌ಎಸ್‌ಎಚ್‌ಗಿಂತ ಎರಡು ಪಟ್ಟು ಇದೆ ಎಂಬ ಒಂದೇ ಕಾರಣಕ್ಕೆ ಹಣೆಪಟ್ಟಿ ಅಂಟಿಸುವುದುಂಟು. ಆ ಅನುಪಾತ ಮೇಲಿನ ಮೂರು ಲಕ್ಷಣಗಳಲ್ಲಿ ಒಂದಲ್ಲವೇ ಅಲ್ಲ.

ಪ್ರೊಲ್ಯಾಕ್ಟಿನ್ ಏರಿದ್ದರೆ ಮೊದಲು ನೋಡಬೇಕಾದುದು ಔಷಧಿಯ ಚೀಲವನ್ನು. ಗ್ಯಾಸ್ಟ್ರಿಕ್ಕಿಗೆಂದು ಅಂಗಡಿಯಿಂದ ತಂದು ನುಂಗುವ ಹಲವು ಮಾತ್ರೆಗಳಲ್ಲಿ ಡೋಂಪೆರಿಡೋನ್ ಬೆರೆತಿರುತ್ತದೆ. ಅದು ಪ್ರೊಲ್ಯಾಕ್ಟಿನ್ನನ್ನು ಏರಿಸುತ್ತದೆ. ಸೂಜಿಯ ಭಯ, ಓಡಿಬಂದ ದಣಿವು ಸಹ ಏರಿಸುತ್ತವೆ. ಥೈರಾಯ್ಡ್ ಸೊರಗಿದ್ದರೂ ಏರುತ್ತದೆ. ಗಳಗಂಡದ ನೆನಪು ಹಿರಿಯರಲ್ಲಿ ಇನ್ನೂ ಉಳಿದಿರುವ ಘಟ್ಟದ ಊರುಗಳಲ್ಲಿ ಟಿಎಸ್‌ಎಚ್ ಪರೀಕ್ಷೆ ನಿಜಕ್ಕೂ ಬೇಕಾದದ್ದು, ಅಗ್ಗದ್ದು, ಮತ್ತು ತೊಂದರೆ ಕಂಡರೆ ಚಿಕಿತ್ಸೆ ಸುಲಭದ್ದು. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಈ ಪರೀಕ್ಷೆಯ ಅಂಕಿಯನ್ನೇ ತಪ್ಪಾಗಿಸಬಲ್ಲದು ಎಂಬ ಎಚ್ಚರ ಮಾತ್ರ ಇರಬೇಕು.

ಮತ್ತು ಗಂಡ? ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ ಎಂಬುದು ವೈದ್ಯಶಾಸ್ತ್ರ ಬಹುಕಾಲದಿಂದ ಹೇಳುತ್ತಿರುವ ಸಂಗತಿ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಮುಟ್ಟಿನ ದಿನ ಎಣಿಸಬೇಕಿಲ್ಲ. ಎರಡರಿಂದ ಏಳು ದಿನ ಸಂಯಮವಿದ್ದರೆ ಸಾಕು. ಹೆಣ್ಣಿನ ಪರೀಕ್ಷೆಗಳ ಕಟ್ಟಿಗೆ ಹೋಲಿಸಿದರೆ ಖರ್ಚೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರಿಗೆ 160 ಲಕ್ಷ ವೀರ್ಯಾಣುಗಳನ್ನು ಕೆಳಗಿನ ಗೆರೆಯಾಗಿ ಕೊಟ್ಟಿದೆ. ಆ ಗೆರೆಯೂ ತೀರ್ಪಲ್ಲ, ಅದಕ್ಕಿಂತ ಕೆಳಗಿದ್ದು ತಂದೆಯಾದವರಿದ್ದಾರೆ. ಗಂಡನ ಪರೀಕ್ಷೆಯಾಗದೆ ಹೆಂಡತಿಯ ಹೊಟ್ಟೆಗೆ ಚುಚ್ಚುಮದ್ದು ಚುಚ್ಚುವ ಪದ್ಧತಿ ವಿಜ್ಞಾನದ ವೇಷ ತೊಟ್ಟ ಗಂಡಾಳಿಕೆಯಲ್ಲದೆ ಬೇರೇನೂ ಅಲ್ಲ. ಗಂಡನ ರಕ್ತ ತೆಗೆಯಬೇಕಾಗಿ ಬಂದರೆ ಟೆಸ್ಟೋಸ್ಟಿರೋನನ್ನು ಬೆಳಗಿನ ಹೊತ್ತು ನೋಡಬೇಕು, ಕಡಿಮೆ ಕಂಡರೆ ಇನ್ನೊಂದು ದಿನ ಮತ್ತೆ ನೋಡಬೇಕು, ಎಲ್‌ಎಚ್ ಜೊತೆಗಿಟ್ಟು ಓದಬೇಕು.

ಟೆಸ್ಟೋಸ್ಟಿರೋನ್ ಮತ್ತು ಎಲ್‌ಎಚ್‌ಗಳ ಈ ಜೋಡಿ ಓದನ್ನು ಒಂದು ಇಡೀ ಊರಿಗೆ ಅನ್ವಯಿಸಿದ ಪ್ರಸಂಗವೇ ಮೊದಲು ಹೇಳಿದ ಗಡಿಯಾಚೆಯ ಹಳ್ಳಿಯದು. ಕಾಸರಗೋಡಿನ ಪಡ್ರೆ ಕನ್ನಡ ಮಾತನಾಡುವ ಊರು, ಸುರಂಗಗಳ ನೀರು ಕುಡಿಯುವ ಊರು. ಅದರ ಸುತ್ತಲಿನ ಗುಡ್ಡಗಳ ಗೇರು ತೋಟಗಳಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳು ಒಂದೇ ಕಡೆ ಗುಂಪುಗೂಡಿರುವುದನ್ನು ಗಮನಿಸಿ ಬರೆದರು; ಪತ್ರಕರ್ತ ಶ್ರೀ ಪಡ್ರೆ ಹೊರಜಗತ್ತಿಗೆ ತಿಳಿಸಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯ ಪ್ರವೇಶಿಸಿದ ಬಳಿಕ, 2001ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಗೆ ಬಂದರು.

ಅವರು 10ರಿಂದ 19 ವಯಸ್ಸಿನ 117 ಶಾಲಾ ಹುಡುಗರನ್ನೂ, ಅಂಥ ಸಿಂಪರಣೆ ಕಾಣದ ಮತ್ತೊಂದು ಕಡೆಯ 90 ಹುಡುಗರನ್ನೂ ಹೋಲಿಸಿದರು. 2003ರಲ್ಲಿ ಅಂತಾರಾಷ್ಟ್ರೀಯ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಇದು: ವಯಸ್ಸಿನ ವ್ಯತ್ಯಾಸವನ್ನು ಲೆಕ್ಕದಲ್ಲಿಟ್ಟ ಮೇಲೂ ಸಿಂಪರಣೆಗೆ ಒಡ್ಡಿಕೊಂಡ ಹುಡುಗರಲ್ಲಿ ಪ್ರೌಢತೆಯ ಚಿಹ್ನೆಗಳು ತಡವಾಗಿದ್ದವು, ಟೆಸ್ಟೋಸ್ಟಿರೋನ್ ತಗ್ಗಿತ್ತು, ಎಲ್‌ಎಚ್ ಏರಿತ್ತು. ರಕ್ತದಲ್ಲಿ ಎಂಡೋಸಲ್ಫಾನಿನ ಪ್ರಮಾಣವೂ ಅವರಲ್ಲೇ ಹೆಚ್ಚು; ಅದೂ ಸಿಂಪರಣೆ ನಿಂತು ತಿಂಗಳುಗಳು ಕಳೆದ ಮೇಲೆ. ಕೂಗು ಜೋರಾಗಿದೆ, ಓಗೊಡುವಿಕೆ ಕ್ಷೀಣಿಸಿದೆ. ಒಬ್ಬ ಹುಡುಗನ ಕಾಗದವನ್ನಷ್ಟೇ ನೋಡಿದ್ದರೆ ಅದು ಅವನ ಹಣೆಬರಹವಾಗುತ್ತಿತ್ತು, ಅಥವಾ ಅವನ ತಾಯಿಯ ಪಾಪವಾಗುತ್ತಿತ್ತು. ಎಲ್ಲರ ಕಾಗದಗಳನ್ನೂ ಒಟ್ಟಿಗೆ ಹರಡಿ, ಪಕ್ಕದಲ್ಲಿ ಸಿಂಪರಣೆಯ ಇತಿಹಾಸವನ್ನಿಟ್ಟಾಗ ಅದು ಗುಡ್ಡದ ಮೇಲೆ ನಡೆದ ಅಪರಾಧದ ಸಾಕ್ಷ್ಯವಾಯಿತು.

ಆ ಅಧ್ಯಯನಕ್ಕೆ ಮಿತಿಗಳಿದ್ದವು. ಸಂಖ್ಯೆ ಸಣ್ಣದು, ಭಾಗವಹಿಸದವರೂ ಇದ್ದರು. ವಿಜ್ಞಾನಿಗಳೇ ಅದನ್ನು ಬರೆದುಕೊಂಡಿದ್ದಾರೆ. ವೃಷಣ ಕೆಳಗಿಳಿಯದಿರುವಂಥ ಹುಟ್ಟು ದೋಷಗಳು ಶೇ. 5.1 ಹುಡುಗರಲ್ಲಿ ಕಂಡರೆ ಹೋಲಿಕೆಯ ಗುಂಪಿನಲ್ಲಿ ಶೇ. 1.1 ಇದ್ದವು, ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಹೀಗೆ ಪ್ರಾಮಾಣಿಕವಾಗಿ ಬರೆದ ಮಿತಿಗಳನ್ನೇ ಆಯುಧ ಮಾಡಿಕೊಂಡು ಕೀಟನಾಶಕದ ಪರವಾದವರು ವರ್ಷಗಟ್ಟಲೆ ಕೂಗಾಡಿದರು. ಕೇಂದ್ರದ ದುಬೆ ಸಮಿತಿ, ಮಾಯಿ ಸಮಿತಿಗಳು ಸಂಬಂಧ ಸ್ಥಾಪಿತವಾಗಿಲ್ಲವೆಂದವು. ಗಡಿಯ ಈಚೆಗೆ, ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡದ ಗೇರು ತೋಪುಗಳ ಮೇಲೂ ಅದೇ ವಿಷ ಸುರಿದಿತ್ತು. ಕೊಕ್ಕಡದ ಸುತ್ತಿನ ಮಕ್ಕಳ ಸ್ಥಿತಿ ಕಣ್ಣಿಗೆ ಕಟ್ಟುವಂತಿದ್ದರೂ ಕರ್ನಾಟಕ ಸರ್ಕಾರ ಎಂಡೋಸಲ್ಫಾನನ್ನು ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ಅದೇ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು, ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆಯೊಡ್ಡಿತು. ಹುಡುಗರ ರಕ್ತ ಮಾತನಾಡಿ ಹತ್ತು ವರ್ಷಗಳಾಗಿದ್ದವು.

ಇಂಥ ಓದು ಪಡ್ರೆಗಿಂತ ಕಾಲು ಶತಮಾನ ಮೊದಲೇ ಒಮ್ಮೆ ನಡೆದಿತ್ತು. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರಾಪಿನ ಕಾರ್ಖಾನೆಯಲ್ಲಿ, ಮಣ್ಣಿನ ಜಂತುಗಳನ್ನು ಕೊಲ್ಲುವ ಡಿಬಿಸಿಪಿ ಎಂಬ ರಾಸಾಯನಿಕ ತಯಾರಿಸುತ್ತಿದ್ದ ಕೆಲಸಗಾರರು ತಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವೆಂದು ಪರಸ್ಪರ ಮಾತನಾಡಿಕೊಂಡು ಪರೀಕ್ಷೆಗೆ ಹಟ ಹಿಡಿದರು. ಹಲವರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಎಫ್‌ಎಸ್‌ಎಚ್, ಎಲ್‌ಎಚ್ ಏರಿದ್ದವು. ಅಮೆರಿಕ 1979ರಲ್ಲಿ ಅದರ ಬಹುತೇಕ ಬಳಕೆಯನ್ನು ನಿಲ್ಲಿಸಿತು. ಅಲ್ಲಿಯೂ ಸತ್ಯ ಹೊರಬಂದದ್ದು ಗಂಡಸರು ನಾಚಿಕೆ ಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಂಡದ್ದರಿಂದ.

ಮಲೆನಾಡಿನಲ್ಲಿ ಈಗ ಎಂಡೋಸಲ್ಫಾನ್ ಇಲ್ಲ. ಆದರೆ ಎಲೆಚುಕ್ಕಿ ರೋಗ ಅಡಿಕೆ ತೋಟಗಳನ್ನು ಆವರಿಸಿದ ಮೇಲೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಿದ್ದ ಕೈಗಳೇ ಮ್ಯಾಂಕೋಜೆಬ್, ಪ್ರೊಪಿಕೊನಜೋಲ್‌ಗಳನ್ನೂ ಹೊಡೆಯುತ್ತಿವೆ. ಇವೆರಡೂ ಶಿಫಾರಸಾದ ಔಷಧಗಳು. ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲವೆಂಬ ವರ್ಗಕ್ಕೆ ಇವನ್ನು ಸೇರಿಸಿದ ಐರೋಪ್ಯ ಒಕ್ಕೂಟ 2018ರಲ್ಲಿ ಪ್ರೊಪಿಕೊನಜೋಲ್‌ನ, 2020ರಲ್ಲಿ ಮ್ಯಾಂಕೋಜೆಬ್‌ನ ಮಾನ್ಯತೆಯನ್ನು ನವೀಕರಿಸಲಿಲ್ಲ. ಮ್ಯಾಂಕೋಜೆಬ್ ಹಾರ್ಮೋನು ವ್ಯವಸ್ಥೆಯನ್ನೇ ಕೆಡಿಸುತ್ತದೆಂಬುದೂ ಕಾರಣಗಳಲ್ಲೊಂದು. ಅದು ಒಡೆದು ಉಂಟಾಗುವ ವಸ್ತು ಥೈರಾಯ್ಡನ್ನು ಅದುಮುತ್ತದೆ. ಭಾರತ ಸರ್ಕಾರ 2020ರ ಮೇ ತಿಂಗಳಲ್ಲಿ ನಿಷೇಧಿಸಲು ಹೊರಟ 27 ವಿಷಗಳ ಕರಡು ಪಟ್ಟಿಯಲ್ಲಿ ಮ್ಯಾಂಕೋಜೆಬ್ ಕೂಡ ಇತ್ತು. 2023ರ ಅಂತಿಮ ಆದೇಶದ ಹೊತ್ತಿಗೆ ಆ ಪಟ್ಟಿ ಬೆರಳೆಣಿಕೆಗೆ ಕುಗ್ಗಿ, ಮ್ಯಾಂಕೋಜೆಬ್ ಹೊರಗುಳಿಯಿತು. ಬಾಯಿಗೆ ಟವೆಲ್ಲು ಸುತ್ತಿಕೊಂಡು ಮರವೇರುವ ಕೊನೆಗೌಡನಿಗೆ, ಡ್ರಮ್ಮಿನಲ್ಲಿ ಬರಿಗೈಯಿಂದ ಔಷಧಿ ಕದಡುವ ಹೆಂಗಸಿಗೆ, ಸಂಜೆ ಅವರ ಬಟ್ಟೆ ಒಗೆಯುವ ಮನೆಮಗಳಿಗೆ ಇದನ್ನು ಯಾರು ಹೇಳಿದ್ದಾರೆ?

ಇಲ್ಲಿ ಚಳವಳಿಯ ಒಳಗಿನವರಿಗೂ ಒಂದು ಮಾತು ಹೇಳಬೇಕಾಗಿದೆ. ಮಕ್ಕಳಾಗದ ಪ್ರತಿ ಮನೆಯ ಮುಂದೆ ನಿಂತು 'ಇದು ವಿಷದ ಫಲ' ಎಂದು ಘೋಷಿಸುವ ಉತ್ಸಾಹ ಕೆಲವರಲ್ಲಿದೆ. ಅದು ಸುಳ್ಳು, ಮತ್ತು ಅಪಾಯಕಾರಿ. ಗರ್ಭನಾಳ ಮುಚ್ಚಿರುವುದು, ಥೈರಾಯ್ಡ್, ವಯಸ್ಸು, ಸೋಂಕು, ತಂಬಾಕು, ಹೀಗೆ ಕಾರಣಗಳು ಹಲವು. ಒಬ್ಬರ ವರದಿಯನ್ನು ಹಿಡಿದು ಅದರ ಹಿಂದೆ ಇಂಥದೇ ಔಷಧಿಯಿದೆ ಎಂದು ಯಾವ ತಜ್ಞನೂ ಹೇಳಲಾರ. ಪರೀಕ್ಷೆಯೆಲ್ಲ ಮೋಸ, ಕಷಾಯ ಕುಡಿದರೆ ಸಾಕು ಎನ್ನುವವರು ಇನ್ನೂ ಹೆಚ್ಚು ಕೆಡುಕು ಮಾಡುತ್ತಿದ್ದಾರೆ; 35 ದಾಟಿದ ಹೆಣ್ಣು ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು, ಉಳಿದವರು ಒಂದು ವರ್ಷದ ಬಳಿಕ. ಪಡ್ರೆ ಗೆದ್ದದ್ದು ಘೋಷಣೆಯಿಂದಲ್ಲ, ಲೆಕ್ಕದಿಂದ.

ಆ ಲೆಕ್ಕವೇ ಮಲೆನಾಡಿನಲ್ಲಿ ಇಲ್ಲ. ಒಂದು ಕಾಗದ ಒಬ್ಬಳ ಟ್ರಂಕಿನಲ್ಲಿ, ಇನ್ನೊಂದು ಇನ್ನೊಬ್ಬಳ ದಿಂಬಿನ ಕೆಳಗೆ. ಅವೆಲ್ಲ ಒಂದೆಡೆ ಸೇರದಂತೆ ನೋಡಿಕೊಳ್ಳಲು ಯಾವ ಹುನ್ನಾರವೂ ಬೇಕಿಲ್ಲ, ನಾಚಿಕೆಯೊಂದೇ ಸಾಕಾಗಿದೆ. ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲಿ ಗಂಡಹೆಂಡಿರ ಇಬ್ಬರ ಕಸುಬು, ಕಳೆದ ಒಂದು ವರ್ಷದಲ್ಲಿ ಹೊಡೆದ ಅಥವಾ ಕದಡಿದ ಔಷಧಿಯ ಹೆಸರು ಬರೆಯಲು ಎರಡು ಸಾಲು ಜಾಗ ಬೇಕು. ರಕ್ತದ ವರದಿಯ ಮೇಲೆ ಮುಟ್ಟಿನ ಎಷ್ಟನೆಯ ದಿನ ಎಂಬುದು ಮುದ್ರಿತವಾಗಬೇಕು. ಗಂಡನ ವೀರ್ಯ ಪರೀಕ್ಷೆಯಾಗದೆ ಹೆಂಡತಿಗೆ ಚಿಕಿತ್ಸೆ ಆರಂಭಿಸಕೂಡದು. ಯಾವ ಊರಿನಲ್ಲಿ, ಯಾವ ತಿಂಗಳು, ಯಾವ ಔಷಧಿ, ಎಷ್ಟು ಲೀಟರ್ ಸಿಂಪರಣೆಯಾಯಿತೆಂಬ ಪುಸ್ತಕವನ್ನು ಗ್ರಾಮ ಪಂಚಾಯಿತಿ ಇಡಬೇಕು. ವಿಜ್ಞಾನ ಓದುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಮಾಡಬಹುದಾದ ಕೆಲಸವಿದು, ಹೆಸರುಗಳನ್ನು ಗುಟ್ಟಾಗಿಡುವ ಶಿಸ್ತಿದ್ದರೆ. ಔಷಧಿ ಅಂಗಡಿಯ ರಸೀದಿ, ಸೊಸೈಟಿಯ ದಾಸ್ತಾನು ಪುಸ್ತಕಗಳಿಂದಲೇ ಅರ್ಧ ಮಾಹಿತಿ ಸಿಗುತ್ತದೆ. ಮಳೆ ಬಿಟ್ಟ ಕೂಡಲೇ ಎಲೆಚುಕ್ಕಿಯ ಸಿಂಪರಣೆ ಮತ್ತೆ ಶುರುವಾಗುತ್ತದೆ. ಆ ಪುಸ್ತಕದ ಮೊದಲ ಪುಟಕ್ಕೆ ಗೆರೆ ಎಳೆಯುವ ಕೆಲಸ ಅದಕ್ಕೆ ಮುಂಚೆ ಆಗಬೇಕು.